ಮಗಳ ಆಟಕ್ಕೆ ನಾನು ಕೊಟ್ಟ ಸರ್ಟಿಫಿಕೇಟು

ಮಗಳ ಆಟದ ಬಗ್ಗೆ ಎರಡು ಮಾತಾಡಿ ಬರುವುದು ಅಂಥ ಘನಂದಾರಿ ಕೆಲಸವೇನಲ್ಲ ಎಂದೇ ನಾನು ತಿಳಿದಿದ್ದೆ. ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ದಿನವಿಡೀ ಮೀಟಿಂಗುಗಳಲ್ಲೇ ಬದುಕುವ ಮನುಷ್ಯ ನಾನು. ಹೊರಗೆ ಬೆವರು ಸುರಿಯುವ ಸಿಂಗಪುರದಲ್ಲಿ, ಮಾಲ್ ಒಳಗಿನ ಐಸ್ ಮೇಲೆ ಜಾರುತ್ತಾ ಹಾಕಿ ಆಟವಾಡುವ ಹುಚ್ಚು ನಮ್ಮ ಸಿರಿಗೆ ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ಹನ್ನೆರಡು ವರ್ಷದ ಹುಡುಗಿ. ಫಾರ್ವರ್ಡ್, ಎಂದರೆ ಮುಂದೆ ನುಗ್ಗಿ ಗೋಲು ಹೊಡೆಯುವವಳು. ಬ್ಯಾಂಕಾಕಿನ ಟೂರ್ನಮೆಂಟಿಗೆ ಜೂನಿಯರ್ ಟೀಮ್ ಆರಿಸುವ ಮೊದಲು, ಫಿನ್‌ಲ್ಯಾಂಡಿನವರಾದ ಅವಳ ಕೋಚ್ ಸಾಹೇಬರು ಅಪ್ಪ ಅಮ್ಮಂದಿರನ್ನು ಕರೆದಿದ್ದರು. ಮಗುವಿನ ಸ್ಟ್ರೆಂತ್ ಏನು, ವೀಕ್‌ನೆಸ್ ಏನು, ನಾವೇ ಹೇಳಬೇಕಂತೆ.

"ನಾನೂ ಬರ್ಲಾ?" ಎಂದಳು ಹೆಂಡತಿ ಸುಮಾ.

"ಇಷ್ಟಕ್ಕೆ ಇಬ್ರು ಯಾಕೆ? ನಾನು ಹ್ಯಾಂಡಲ್ ಮಾಡ್ತೀನಿ ಬಿಡು" ಎಂದು ಹೊರಟೆ.

ನನಗಿಂತ ಮೊದಲು ಮಾತಾಡಿದವರು ಮಿಸೆಸ್ ಲಿಮ್. ಅವರ ಮಗನೂ ಫಾರ್ವರ್ಡ್. ಅವನ ವೇಗವೇನು, ಅವನ ಪಾಸುಗಳೇನು ಎಂದು ಎಳ್ಳಷ್ಟೂ ಸಂಕೋಚವಿಲ್ಲದೆ ಹೊಗಳಿಕೊಂಡರು. ನನಗೆ ಕಸಿವಿಸಿಯಾಯಿತು. ಹೆತ್ತವರೇ ಮಗುವನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ನಂಬಿದ ಮನೆತನ ನಮ್ಮದು. ನಾವು "ಅಯ್ಯೋ, ಅವಳಿಗೇನು ಬರುತ್ತೆ" ಎನ್ನಬೇಕು. ಎದುರಿನವರು "ಹಾಗೆಲ್ಲ ಅನ್ಬೇಡಿ, ಚಿನ್ನದಂಥ ಹುಡುಗಿ" ಎನ್ನಬೇಕು. ನಮ್ಮ ದಾವಣಗೆರೆಯಲ್ಲಿ ಹೊಗಳಿಕೆ ಗಿಟ್ಟಿಸುವ ಕ್ರಮವೇ ಇದು.

ಆ ಕ್ರಮದಂತೆಯೇ ಶುರು ಮಾಡಿದೆ. ಅವಳದೇನು ಮಹಾ ಆಟ, ಏನೋ ಜಾರುತ್ತಾಳೆ ಎಂದು ನನ್ನ ಆಫೀಸಿನ ಇಂಗ್ಲಿಷಿನಲ್ಲಿ ಹೇಳಿ, ವಿನಯದಿಂದ ನಕ್ಕು ಕಾದೆ.

ಕೋಚ್ "ಓಕೆ" ಎಂದರು.

ವಿನಯ ಸಾಲಲಿಲ್ಲವೇನೋ ಎಂದುಕೊಂಡು, ಪಾಸ್ ಕೊಡುವುದೂ ಅಷ್ಟಕ್ಕಷ್ಟೆ ಎಂದೆ. ಅವರು ತಲೆಯಾಡಿಸಿದರು. ಅದೂ ಹೌದು ಎನ್ನುವಂತೆ! ಐಸ್ ಪಕ್ಕದಲ್ಲಿ ಕೂತಿದ್ದರೂ ನನಗೆ ಬೆವರೊಡೆಯಿತು. ಈ ಮನುಷ್ಯ ಒಂದು ಸಲವಾದರೂ "ಛೇ ಛೇ" ಅನ್ನಬಾರದೇ? ಅನ್ನಿಸಿಯೇ ತೀರಬೇಕೆಂದು ಹಟಕ್ಕೆ ಬಿದ್ದೆ. ಅವಳು ಸೋಮಾರಿ ಎಂದೆ. ಬೇಗ ಸುಸ್ತಾಗಿ ನಿಂತುಬಿಡುತ್ತಾಳೆ ಎಂದೆ. ಕೊನೆಗೆ, ಮಿಸೆಸ್ ಲಿಮ್ ಅವರ ಮಗನ ಮುಂದೆ ನಮ್ಮವಳು ಯಾವ ಲೆಕ್ಕ ಎಂದೂ ಹೇಳಿದೆ. ಮಿಸೆಸ್ ಲಿಮ್ ಸಂತೋಷದಿಂದ, ಸಿಂಗಪುರದವರ ರೂಢಿಯಂತೆ ಕೊನೆಗೊಂದು 'ಲಾ' ಸೇರಿಸಿ, "ಥ್ಯಾಂಕ್ಯೂ ಲಾ" ಎಂದರು. ಕೋಚ್ ನನ್ನ ಕೈ ಕುಲುಕಿ, ಇಷ್ಟು ಪ್ರಾಮಾಣಿಕ ತಂದೆಯನ್ನು ಈವರೆಗೆ ಕಂಡಿಲ್ಲ ಎಂದರು.

ತಿರುಗಿ ನೋಡಿದರೆ, ಹೆಲ್ಮೆಟ್ ಹಿಡಿದುಕೊಂಡು ಸಿರಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

ನಮ್ಮ ಮನೆಯಿರುವ ಟೋವಾ ಪಾಯೋ ಬರುವ ತನಕ ಎಂಆರ್‌ಟಿ ರೈಲಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಮನೆಯ ಬಾಗಿಲಲ್ಲಿ ಶೂ ಬಿಚ್ಚುತ್ತಾ, "ಅಪ್ಪಾ, ನಾನು ಅಷ್ಟು ಬ್ಯಾಡ್ ಆಗಿ ಆಡ್ತೀನಾ?" ಎಂದಳು. ಕಣ್ಣು ತುಂಬಿತ್ತು.

"ಇಲ್ಲ ಪುಟ್ಟಾ. ನಾವು ಹಾಗೆ ಹೇಳಿದ್ರೆ ಅವರು ಇಲ್ಲ ಇಲ್ಲ ಅನ್ಬೇಕು. ಅದೊಂದು ಪದ್ಧತಿ."

"ಅವರು ಫಿನ್‌ಲ್ಯಾಂಡ್ ಅಪ್ಪಾ. ಅವರಿಗೆ ಹೇಗೆ ಗೊತ್ತಾಗತ್ತೆ?" ಎಂದು ರೂಮಿನ ಬಾಗಿಲು ಹಾಕಿಕೊಂಡಳು.

ಸುಮಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಸೊಗಸಾಗಿ ಹ್ಯಾಂಡಲ್ ಮಾಡಿದ್ರಿ ಕಣ್ರೀ. ಅವಳು ಸೆಲೆಕ್ಟ್ ಆಗ್ಲಿಲ್ಲ ಅಂದ್ರೆ ಬ್ಯಾಂಕಾಕಿಗೆ ನೀವೇ ಹೋಗಿ ಆಡಿ. ನಾಳೆನೇ ಹೋಗಿ ಸರಿ ಮಾಡ್ಕೊಂಡು ಬನ್ನಿ."

ಮರುದಿನ ತಾಯಿ ಮಗಳ ಸಮೇತ ಹೋಗಿ, ದೃಷ್ಟಿಯ ಭಯವನ್ನು ಬದಿಗಿಟ್ಟು, ನಮ್ಮ ಸಿರಿಯಂಥ ಚುರುಕಿನ ಹುಡುಗಿ ಇಡೀ ಟೀಮಿನಲ್ಲೇ ಇಲ್ಲ ಎಂದು ಘೋಷಿಸಿದೆ. ಕೋಚ್ ಉದಾಹರಣೆ ಕೇಳಿದರು. ಪ್ರಾಕ್ಟೀಸಿನ ಹೊತ್ತಿನಲ್ಲಿ ನಾನು ನೋಡುತ್ತಿದ್ದುದು ಬಹುಪಾಲು ನನ್ನ ಫೋನನ್ನು. ಆದರೂ ಒಂದು ದೃಶ್ಯ ಪುಣ್ಯಕ್ಕೆ ನೆನಪಾಯಿತು. ಈ ಆಟದಲ್ಲಿ ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ ಇರುತ್ತದೆ. "ಪಕ್ ಇನ್ನೂ ಹಿಂದೆ ಎಲ್ಲೋ ಇರುವಾಗಲೇ ನಮ್ಮವಳು ಎದುರಾಳಿಗಳ ಗೋಲಿನ ಹತ್ತಿರ ಹೋಗಿ ಕಾಯುತ್ತಿರುತ್ತಾಳೆ. ಎಂಥ ಮುಂದಾಲೋಚನೆ ನೋಡಿ!" ಎಂದೆ.

ಸಿರಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಅದು ಆಫ್‌ಸೈಡ್ ಲಾ. ಪಕ್‌ಗಿಂತ ಮೊದಲು ಅಲ್ಲಿಗೆ ಹೋಗೋ ಹಾಗೇ ಇಲ್ಲ. ಅದೇ ನನ್ನ ವೀಕ್‌ನೆಸ್."

ಕೋಚ್ ಮೊದಲ ಬಾರಿಗೆ ನಕ್ಕರು. ಸಿರಿ ಟೀಮಿನಲ್ಲಿ ಇದ್ದಾಳೆ, ಅದನ್ನು ಐಸ್ ಮೇಲೆ ಅವಳ ಆಟ ನೋಡಿ ಎಂದೋ ತೀರ್ಮಾನಿಸಿಯಾಗಿದೆ ಎಂದರು. ಹಾಗಾದರೆ ನಮ್ಮನ್ನು ಕರೆದು ಕೇಳಿದ್ದೇಕೆ ಎಂದೆ. ಬ್ಯಾಂಕಾಕಿಗೆ ಮಕ್ಕಳ ಜೊತೆ ಒಬ್ಬರು ದೊಡ್ಡವರು ಬೇಕು, ಸೋತಾಗ ಮಕ್ಕಳಿಗೆ ಧೈರ್ಯ ತುಂಬುವವರು ಯಾರು ಎಂದು ನೋಡುತ್ತಿದ್ದೆ ಎಂದರು. ಆ ಜಾಗಕ್ಕೆ ಆಯ್ಕೆಯಾಗಿದ್ದ ಮಿಸೆಸ್ ಲಿಮ್ ಆಗಲೇ ಟಿಕೆಟ್ ಬುಕ್ ಮಾಡಿದ್ದರು.

ಮಾಲ್‌ನಿಂದ ಹೊರಬರುವಾಗ ಸಿರಿ ನನ್ನ ಕೈ ಹಿಡಿದುಕೊಂಡಳು. ಅವಳ ಕೋಪ ಇಳಿದಿತ್ತು.

"ಅಪ್ಪಾ, ನಿನ್ನ ಸ್ಟ್ರೆಂತ್ ಹೇಳ್ಲಾ? ಒಂದು ಪ್ರಾಕ್ಟೀಸೂ ಮಿಸ್ ಮಾಡ್ದೆ ಬರ್ತೀಯ."

ಎದೆಯುಬ್ಬಿತು. "ಮತ್ತೆ ವೀಕ್‌ನೆಸ್ಸು?" ಎಂದೆ.

"ಬಂದು ಮಾತಾಡ್ತೀಯ."

ನಾನು ಬಾಯಿ ಮುಚ್ಚಿಕೊಂಡು, ಅವಳ ಕಿಟ್ ಬ್ಯಾಗು ಹೊತ್ತುಕೊಂಡು ಹಿಂದೆ ನಡೆದೆ.