ಚೀಲದ ತೂಕ ಕಳೆದ ವಿಮಾನ

ನಮ್ಮ ಸೋದರಮಾವನ ಮನೆಗೆ ಹೋಗುವವರು ಜೇಬು ಖಾಲಿ ಮಾಡಿಕೊಂಡು ಹೋಗುವುದು ಒಳ್ಳೆಯದು. ಕಳ್ಳರ ಭಯಕ್ಕಲ್ಲ, ತಕ್ಕಡಿಯ ಭಯಕ್ಕೆ! ಒಮ್ಮೆ ನನ್ನನ್ನು ಬಾಗಿಲಲ್ಲೇ ತಕ್ಕಡಿ ಹತ್ತಿಸಿ, "ಕೈಯಾಗಿನ ರೊಟ್ಟಿ ಡಬ್ಬಿ ಕೆಳಗಿಡವಾ, ನಿನ್ನ ಖರೇ ತೂಕ ನೋಡೂಣು" ಎಂದಿದ್ದರು. ಡಬ್ಬಿ ಇಟ್ಟರೂ ಮುಳ್ಳು ಇಳಿಯಲಿಲ್ಲ. ಆ ಮಾತು ಇಲ್ಲಿ ಬೇಡ.

ಮಾವ ವಿಮಾನದ ಮೆಕ್ಯಾನಿಕ್ ಆಗಿದ್ದವರು. ಹಾರಿಸುವ ಪರವಾನಗಿಯೂ ಇತ್ತು. ನಿವೃತ್ತರಾದ ಮೇಲೆ ಜನ ಹೊಲವನ್ನೋ ಸೈಟನ್ನೋ ಕೊಂಡರೆ, ಇವರು ಹರಾಜಿನಲ್ಲಿ ಎರಡು ಸೀಟಿನ ಮುದಿ ವಿಮಾನವೊಂದನ್ನು ಕೊಂಡು, ಲಾರಿಯಲ್ಲಿ ಯಲಬುರ್ಗಾಕ್ಕೆ ತಂದು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದರು. ಅತ್ತೆಯನ್ನು ಕೂರಿಸಿಕೊಂಡು ಒಮ್ಮೆ ಹಾರಬೇಕು, ಹುಲಿಗಿಯ ಹೊಳೆಯನ್ನು ಮೇಲಿನಿಂದ ತೋರಿಸಬೇಕು. ಇಷ್ಟೇ ಆಸೆ. ಅತ್ತೆ ಇದ್ದ ದಿನಗಳ ಮಾತಿದು.

ಅಡ್ಡ ಬಂದದ್ದು ಖಾಲಿ ತೂಕ. ವಿಮಾನ ಒಟ್ಟು ಇಷ್ಟೇ ಭಾರ ಹೊರಬೇಕು ಎಂದಿರುತ್ತದಂತೆ. ಅದರಲ್ಲಿ ಅದರದೇ ಖಾಲಿ ತೂಕ, ಪೆಟ್ರೋಲು, ಮಾವ, ಎಲ್ಲ ಕಳೆದು ಉಳಿದದ್ದು ಅತ್ತೆಯ ಪಾಲು. ಕಾಗದದಲ್ಲಿದ್ದ ಖಾಲಿ ತೂಕವೋ, ವಿಮಾನ ಹೊಸದಿದ್ದಾಗಿನದು. ಆಮೇಲೆ ಎಷ್ಟು ಬಣ್ಣ, ಎಷ್ಟು ತೇಪೆ!

"ನಮ್ಮ ಮದುವಿ ಫೋಟೋ ನೋಡಿ ನನ್ನ ತೂಕ ಹೇಳಿದಂಗಾತು ಬಿಡ್ರಿ" ಎಂದರು ಅತ್ತೆ. ಅವರು ದಷ್ಟಪುಷ್ಟ; ನಕ್ಕರೆ ಮಂಚವೂ ನಗುತ್ತಿತ್ತು.

ಸರಿ, ಕಾಳಿನ ದಲಾಲಿ ಅಂಗಡಿಯಿಂದ ಮೂರು ತಕ್ಕಡಿ ಬಂದವು, ಜೊತೆಗೊಬ್ಬ ಹಮಾಲ. ಗಾಲಿಗೊಂದರಂತೆ ಎರಡು, ಬಾಲಕ್ಕೊಂದು. ಮಾವ ಪೆಟ್ರೋಲು ಬಸಿದರು, ಗಾಳಿ ಬಾರದಂತೆ ಬಾಗಿಲು ಹಾಕಿದರು, ನಮಗೆ ಉಸಿರು ಹಿಡಿಯಿರಿ ಎಂದರು. ಹಮಾಲ ತೂಕ ಕೂಗಿದ. ಮಾವ ಕೂಡಿಸಿದರು, ಕುಣಿದೇಬಿಟ್ಟರು! ಅತ್ತೆಗೆ ಜಾಗವಿತ್ತು! ಅತ್ತೆ ಹೊಸ ಇಳಕಲ್ ಸೀರೆ ತೆಗೆದಿಟ್ಟರು.

ತಕ್ಕಡಿ ಹೇರುವಾಗ ಹಮಾಲ ಹೆಮ್ಮೆಯಿಂದ ಹೇಳಿದ: "ಚೀಲದ ತೂಕ ಕಳದೇ ಹೇಳೀನಿ ನೋಡ್ರಿ ಸಾಹೇಬ್ರ. ಮೂರರಾಗೂ."

"ಯಾವ ಚೀಲಪಾ?"

"ತೂಕ ಅಂದಮ್ಯಾಲ ಚೀಲಾ ಕಳೀಬೇಕಲ್ರೀ!"

ಕಾಳು ತೂಗುವ ರೂಢಿಯಲ್ಲಿ ಅವನು ಕಳೆದದ್ದನ್ನು ಮಾವ ಮತ್ತೆ ಕೂಡಿಸಿದರು. ಮೂರು ಗೋಣಿಚೀಲ ಎಷ್ಟು ತೂಗೀತು? ಅಷ್ಟರಿಂದಲೇ ಅತ್ತೆಗೆ ವಿಮಾನ ತಪ್ಪಿತು. ಮಾವ ನಿಯಮ ಮುರಿಯುವವರಲ್ಲ.

"ಮೂರು ಚೀಲ ನಾ ಇಳಿಸ್ತೀನಿ ಬಿಡ್ರಿ. ಎರಡು ಹಬ್ಬ ಹೋಳಿಗಿ ಬಿಟ್ರ ಆತು!" ಎಂದರು ಅತ್ತೆ.

ಅತ್ತೆ ಹೋಳಿಗೆ ಬಿಡಲಿಲ್ಲ. ಜಡ್ಡು ಬಂದು ಬಿಡಿಸಿತು.

ಹುಬ್ಬಳ್ಳಿಯ ದವಾಖಾನೆಯಿಂದ ಬಂದಾಗ ಅವರ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಒಂದು ಬೆಳಿಗ್ಗೆ ನನ್ನ ಹೆಗಲು ಹಿಡಿದು ಶೆಡ್ಡಿಗೆ ಬಂದು, ಮಾವ ಆಮೇಲೆ ಕೊಂಡಿಟ್ಟಿದ್ದ ತಕ್ಕಡಿಯನ್ನು ತಾವೇ ಹತ್ತಿದರು.

"ಈಗರ ಲೆಕ್ಕ ಕೂಡ್ತಲ್ರಿ? ನಡೀರಿ, ಹೊಳಿ ತೋರಸ್ರಿ."

ಮಾವ ಮುಳ್ಳು ನೋಡಿದರು. ಲೆಕ್ಕ ಕೂಡಿತ್ತು, ಮಡಿಲಲ್ಲಿ ಕೂಸೊಂದನ್ನು ಕೂರಿಸಿದರೂ ನಡೆಯುತ್ತಿತ್ತು. ನನಗೇ ಕಾಣುತ್ತಿತ್ತು.

"ಇಲ್ಲ, ತಕ್ಕಡಿ ಕೆಟ್ಟೈತಿ" ಎಂದು ಅತ್ತೆಯನ್ನು ಎತ್ತಿ ಇಳಿಸಿದರು. "ನೀ ಮೊದಲಿನಂಗ ಆಗು. ಲೆಕ್ಕ ತಪ್ಪಲಿ. ಆಮ್ಯಾಲ ಹಾರೂಣಂತ."

ಆ ಮಧ್ಯಾಹ್ನ ಅತ್ತೆ ಮಾವನ ಮುಖ ನೋಡುತ್ತಾ ಎರಡು ತುತ್ತು ಹೆಚ್ಚು ಉಂಡರು. ಹೊಟ್ಟೆ ಒಲ್ಲೆ ಎನ್ನುತ್ತಿತ್ತು ಎಂಬುದು ನನಗೂ ಗೊತ್ತಿತ್ತು, ಬಡಿಸುತ್ತಿದ್ದ ಮಾವನಿಗೂ.