ಕರಿಬಸವಯ್ಯನವರು ಹೇಳಿಟ್ಟಿದ್ದ ಬಡಗಿ

ಹಲಸಿನ ಮರ ಕೊಯ್ಯುವಾಗ ಏಳುವ ಹಳದಿ ಪುಡಿಯ ವಾಸನೆ, ಒಲೆಯ ಮೇಲೆ ಕುದಿಯುವ ಸರೇಸಿನ ಅಂಟಿನ ವಾಸನೆ, ಎರಡೂ ಬೆರೆತ ಗಾಳಿ ಕುಡಿದೇ ಮುಖ್ತಾರ್ ಅಹಮದ್ ಬೆಳೆದದ್ದು. ಗುಬ್ಬಿಯಲ್ಲಿ ಅವರ ಅಬ್ಬಾನ ಮರಗೆಲಸದ ಕೊಟ್ಟಿಗೆ ಇತ್ತು. ಅರವತ್ತಮೂರು ವಯಸ್ಸಾದ ಮೇಲೂ ಮರದ ಪುಡಿ ಮೂಗಿಗೆ ಬಿದ್ದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆದರೆ ಈಗ ಅಂಟು ಡಬ್ಬಿಯಲ್ಲಿ ಬರುತ್ತದೆ, ಅಳತೆ ಫೋನಿನಲ್ಲಿ ಬರುತ್ತದೆ, ಮನೆಯ ವಿಳಾಸವೂ ಫೋನಿನಲ್ಲೇ ಬರುತ್ತದೆ. ಆ ದಿನದ ಫಜೀತಿ ಶುರುವಾದದ್ದು ಅಲ್ಲಿಂದ.

‘ಲೊಕೇಶನ್ ಕಳ್ಸಿದೀನಿ ಸಾಬ್ರೇ,’ ಎಂದು ಕಂಟ್ರಾಕ್ಟರ್ ಮಲ್ಲಿಕಾರ್ಜುನ್ ಬೆಳಿಗ್ಗೆಯೇ ಹೇಳಿದ್ದ. ‘ಕ್ಯಾತ್ಸಂದ್ರ. ಒಳಗಿನ ರೂಮಿನ ಬಾಗಿಲು ಒಂದೇ. ಸುತ್ತ ಬೀಡಿಂಗ್ ಪಟ್ಟಿ ಹೊಡೀಬೇಕು. ನಾನು ಕುಣಿಗಲ್ ಸೈಟಲ್ಲಿರ್ತೀನಿ, ಬರೋಕಾಗಲ್ಲ. ಹೋದ ತಿಂಗಳು ಎರಡು ಬಾಗಿಲಲ್ಲಿ ಮೂಲೆ ಬಾಯಿ ಬಿಟ್ಕೊಂಡಿದ್ವು. ಇದೂ ಹಂಗೇ ಆದ್ರೆ ಬೇಜಾರ್ ಮಾಡ್ಕೋಬೇಡಿ, ನಾಳೆಯಿಂದ ಮಿಷನ್ ಇಟ್ಕೊಂಡಿರೋರನ್ನ ಕರ್ಕೋತೀನಿ.’

ಬಾಗಿಲ ಪಟ್ಟಿಯ ಮರ್ಯಾದೆ ಇರುವುದೇ ಮೇಲಿನ ಎರಡು ಮೂಲೆಗಳಲ್ಲಿ. ನಿಂತ ಪಟ್ಟಿಯ ತುದಿಯನ್ನೂ ಮಲಗಿದ ಪಟ್ಟಿಯ ತುದಿಯನ್ನೂ ಓರೆಯಾಗಿ ಕೊಯ್ದು ಕೂಡಿಸಬೇಕು. ಸರಿಯಾಗಿ ಕೂಡಿದರೆ ಒಂದೇ ಮರ ಬಾಗಿ ಬೆಳೆದಂತೆ ಕಾಣುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಮೂಲೆ ಬಾಯಿ ತೆರೆದು ಬಡಗಿಯನ್ನು ಆಡಿಕೊಳ್ಳುತ್ತದೆ. ಮುಖ್ತಾರರಿಗೆ ಹೋದ ವರ್ಷ ಕಣ್ಣಿನ ಪೊರೆ ತೆಗೆದಿದ್ದರು. ಬಲಗೈ ಸಣ್ಣಗೆ ನಡುಗುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಜಮಾಲುನ್ನೀಸಾ ಮಾತ್ರ ಏನೂ ಕೇಳದೆ ಚಹಾದ ಲೋಟವನ್ನು ಮುಕ್ಕಾಲು ತುಂಬಿಸಿ ಕೊಡುತ್ತಿದ್ದಳು.

ಫೋನಿನೊಳಗಿನ ಹೆಂಗಸು ತಲುಪಿದ್ದೀರಿ ಎಂದಾಗ ಲಗೇಜ್ ಆಟೋ ಒಂದು ಬೋಂಡದ ಅಂಗಡಿಯ ಮುಂದೆ ನಿಂತಿತ್ತು. ಎದುರಿಗೆ ಒಂದು ಬಣ್ಣ ಮಾಸಿದ ಮನೆ. ವರಾಂಡದಲ್ಲಿ ಸೊಪ್ಪು ಬಿಡಿಸುತ್ತಿದ್ದ ಸರ್ವಮಂಗಳಮ್ಮ ತಲೆಯೆತ್ತಿದರು.

‘ರೂಮಿನ ಬಾಗಿಲಿಗೆ ಪಟ್ಟಿ ಹೊಡಿಯೋಕೆ ಬಂದಿದೀನಿ ತಾಯಿ.’

ಸತ್ತವರ ಹೆಸರಿಗೆ ಕಾಗದ ತಂದ ಪೋಸ್ಟ್‌ಮನ್ನನ್ನು ನೋಡುವಂತೆ ಅವರು ಮುಖ್ತಾರರನ್ನು ನೋಡಿದರು. ‘ಯಾರು ಹೇಳಿದ್ರು?’

‘ಎಲ್ಲಾ ಮೊದ್ಲೇ ಹೇಳಾಗಿದೆ. ಸಾಮಾನೂ ತಂದಿದೀನಿ. ನೀವು ಜಾಗ ತೋರ್ಸಿದ್ರೆ ಸಾಕು.’

ಸರ್ವಮಂಗಳಮ್ಮ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದರು. ಒಳಗೆ ರೂಮಿನ ಬಾಗಿಲ ಸುತ್ತ ಪಟ್ಟಿಯೇ ಇರಲಿಲ್ಲ. ಚೌಕಟ್ಟಿಗೂ ಗೋಡೆಗೂ ನಡುವೆ ಬಿರುಕು, ಬಿರುಕಿನಲ್ಲಿ ಒಂದು ಹಲ್ಲಿ. ಮುಖ್ತಾರರಿಗೆ ಇನ್ನೇನು ಅನುಮಾನ ಉಳಿಯಬೇಕು? ಬ್ಯಾಟರಿ ಸತ್ತ ಫೋನನ್ನು ಬೋಂಡದಂಗಡಿಯ ಕದರಮ್ಮನ ಹತ್ತಿರ ಚಾರ್ಜಿಗೆ ಕೊಟ್ಟು ಬಂದು, ಬೆಳಿಗ್ಗೆ ಫೋನಿನಿಂದ ಚೀಟಿಗೆ ಬರೆದುಕೊಂಡಿದ್ದ ಅಳತೆಯಂತೆ ಪಟ್ಟಿ ಕೊಯ್ದರು. ಎರಡೂ ತುದಿ ನಲವತ್ತೈದು ಡಿಗ್ರಿ, ಅಬ್ಬಾ ಕಲಿಸಿದಂತೆ.

ಗೋಡೆಗೆ ಹಿಡಿದು ನೋಡಿದರು. ಎಡಮೂಲೆ ಬಾಯಿ ಬಿಟ್ಟಿತ್ತು. ಬಲಮೂಲೆ ಅದಕ್ಕಿಂತ ದೊಡ್ಡದಾಗಿ ಆಕಳಿಸುತ್ತಿತ್ತು. ಅವರು ತಮ್ಮ ಬಲಗೈಯನ್ನು ತಿರುಗಿಸಿ, ಮಾತು ಕೇಳದ ಮಗನನ್ನು ನೋಡುವಂತೆ ನೋಡಿದರು.

ಸುದ್ದಿ ಹರಡಲು ಕದರಮ್ಮ ಸಾಕಾಗಿತ್ತು. ಆ ಬೀದಿಯಲ್ಲಿ ಯಾರಿಗೆ ಶುಗರು, ಯಾರ ಸೊಸೆ ತವರಿಗೆ ಹೋದಳು ಎಂಬುದೆಲ್ಲ ಮೊದಲು ಅವಳ ಬಾಣಲೆಯಲ್ಲಿ ಬೆಂದು ಆಮೇಲೆ ಮನೆಮನೆಗೆ ಹೋಗುತ್ತಿತ್ತು. ಚಹಾ ಹಿಡಿದು ಬಂದವಳು ಬಾಗಿಲು ನೋಡಿ, ‘ಇದೇನ್ ಸಾಬಣ್ಣ, ನಿನ್ ಪಟ್ಟಿಗೂ ಪಟ್ಟಿಗೂ ಮಾತುಕತೆ ಇಲ್ವಾ?’ ಎಂದಳು. ‘ಸಂದಿಗೆ ಒಂದ್ ತುಂಡು ಮುದ್ದೆ ಮೆತ್ತಿ ಬುಡು. ನಮ್ಮೂರ್ ಸಿ.ಎಸ್. ಪುರದಾಗೆ ಮಡಕೆ ತೂತಿಗೆ ಅಂಗೇ ಮಾಡ್ತಿದ್ವಿ.’

‘ಇರುವೆ ಬರ್ತವಲ್ಲವ್ವ.’

‘ಬಂದ್ರೆ ಏನು, ಅವೂ ಉಣ್ಲಿ.’

ಹಿಂದೆಯೇ ಪಕ್ಕದ ಮನೆಯ ಮಹಾಲಿಂಗಯ್ಯ ಬಂದರು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ಕೈಯಲ್ಲಿ ಮೊಮ್ಮಗಳ ಕೋನಮಾಪಕ ಇತ್ತು. ಸ್ಟೂಲು ಹತ್ತಿ ಮೂಲೆಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ತೀರ್ಪು ಕೊಟ್ಟರು. ‘ತೊಂಬತ್ತು. ತೊಂಬತ್ತರಲ್ಲಿ ಅರ್ಧ ನಲವತ್ತೈದು. ಇದನ್ನ ಸರ್ಕಾರಾನೂ ಬದ್ಲಾಯ್ಸಕ್ಕಾಗಲ್ಲ. ನಿಮ್ ಕೊಯ್ತವೇ ತಪ್ಪಿರ್ಬೇಕು, ಇನ್ನೊಂದ್ಸಲ ಕೊಯ್ರಿ.’

ಮೇಷ್ಟ್ರ ಮಾತು ಮೀರಲಾಗದೆ ಮುಖ್ತಾರ್ ಇನ್ನೊಮ್ಮೆ ಕೊಯ್ದರು. ಮೂಲೆ ಮತ್ತೆ ಬಾಯಿ ಬಿಟ್ಟಿತು. ಮತ್ತೂ ಒಮ್ಮೆ ಕೊಯ್ದರು. ಈಗ ಮೇಲಿನ ಪಟ್ಟಿ, ಒಗೆದ ಮೇಲೆ ಕುಗ್ಗಿದ ಪಂಚೆಯ ಹಾಗೆ, ಎಡಕ್ಕೆ ಎಳೆದರೆ ಬಲಕ್ಕಿಲ್ಲ, ಬಲಕ್ಕೆ ಎಳೆದರೆ ಎಡಕ್ಕಿಲ್ಲ.

‘ಗಣಿತ ಸರಿಯಾಗೇ ಇದೆ,’ ಎಂದು ಮಹಾಲಿಂಗಯ್ಯ ಸ್ಟೂಲಿನಿಂದ ಇಳಿದರು. ‘ಮರವೇ ಸರಿಯಿಲ್ಲ.’

ಇನ್ನು ಉಳಿದಿದ್ದು ಹೆಚ್ಚಿಗೆ ತಂದಿದ್ದ ಒಂದೇ ಪಟ್ಟಿ. ಮುಖ್ತಾರ್ ವರಾಂಡಕ್ಕೆ ಬಂದು ಕುಳಿತರು. ನಲವತ್ತು ವರ್ಷ ಬಾಗಿಲು ಕೂರಿಸಿದ ಕೈ ಕೊನೆಗೂ ಕೈಕೊಟ್ಟಿತು ಎಂದುಕೊಂಡರು. ಮಧ್ಯಾಹ್ನದ ನಮಾಜಿನ ಹೊತ್ತಾಗಿತ್ತು. ಅವರು ಅತ್ತಿತ್ತ ನೋಡುವುದನ್ನು ಕಂಡು ಸರ್ವಮಂಗಳಮ್ಮ ನಡುಮನೆ ಗುಡಿಸಿ, ಒಗೆದ ಚಾಪೆ ಹಾಸಿ, ಟಿ.ವಿ. ಆರಿಸಿ ಹಿತ್ತಿಲಿಗೆ ಹೋದರು.

ನಮಾಜು ಮುಗಿದ ಮೇಲೆ ಸರ್ವಮಂಗಳಮ್ಮ ಬಂದು ಗೋಡೆಗೆ ಒರಗಿ ಕುಳಿತರು. ‘ಆತುರ ಬೇಡಿ ಸಾಬ್ರೇ. ಈ ಬಾಗಿಲು ಹನ್ನೊಂದು ವರ್ಷ ಕಾದಿದೆ.’ ಆಮೇಲೆ ತಾವಾಗಿಯೇ ಹೇಳಿದರು. ‘ನಮ್ಮೆಜಮಾನ್ರು ಕರಿಬಸವಯ್ಯ ಅಂತ. ಮನೆ ಕಟ್ಟಿಸ್ದಾಗ ಇದೊಂದಕ್ಕೆ ಮರ ಸಾಲ್ಲಿಲ್ಲ. ಯಾವಾಗ ಕೇಳಿದ್ರೂ, ಬಡಗಿಗೆ ಹೇಳಿದೀನಿ ಕಣೇ, ಬರ್ತಾನೆ ಅನ್ನೋರು. ನಿಮ್ ಬಡಗಿ ಇನ್ನೂ ಹುಟ್ಟಿಲ್ಲ ಅಂತ ನಾನು ಆಡ್ಕೊಳ್ಳೋಳು. ಆಸ್ಪತ್ರೆಲೂ ಒಂದಿನ ಹೇಳಿದ್ರು, ಬಡಗಿ ಬರ್ತಾನೆ ಕಣೇ, ಹೇಳಿದೀನಿ ಅಂತ. ಸಾಯೋ ಹೊತ್ತಲ್ಲಾದ್ರೂ ಸುಳ್ಳು ಹೇಳೋದು ಬಿಡಿ ಅಂದ್ಬಿಟ್ಟೆ. ತಮಾಷೆಗೇ ಅಂದಿದ್ದು. ಅವತ್ತು ರಾತ್ರಿ ಹೋಗ್ಬಿಟ್ರು.’

ಮುಖ್ತಾರ್ ಚಾಪೆ ಮಡಿಸಿ ಗೋಡೆಗೆ ಒರಗಿಸಿದರು.

‘ಎಂಟು ತಿಂಗಳಾಯ್ತು. ಇವತ್ತು ನೀವು ಗೇಟ್ ತೆಗೆದ್ರಿ. ನಿಜವಾಗ್ಲೂ ಹೇಳಿಟ್ಟಿದ್ರು ನೋಡಿ.’

ಮಲ್ಲಿಕಾರ್ಜುನ್ ಕರಿಬಸವಯ್ಯನವರ ಕೆಲಸವನ್ನು ಹಳೆಯ ಲೆಕ್ಕದಲ್ಲಿ ಬಾಕಿ ಉಳಿಸಿಕೊಂಡಿರಬೇಕು ಎಂದುಕೊಂಡು ಮುಖ್ತಾರ್ ಎದ್ದರು. ಈಗ ಅವರು ಚೀಟಿಯನ್ನು ಜೇಬಿಗಿಟ್ಟರು, ಕೋನಮಾಪಕವನ್ನು ಮೇಷ್ಟ್ರಿಗೆ ವಾಪಸ್ ಕೊಟ್ಟರು. ಪಕ್ಕದ ಪಟ್ಟಿಯನ್ನು ಅದರ ಜಾಗದಲ್ಲಿ ನಿಲ್ಲಿಸಿ, ಅದರ ಎರಡೂ ಅಂಚಿನ ಗುಂಟ ಗೋಡೆಯ ಮೇಲೆ ಗೆರೆ ಎಳೆದರು. ಕೊನೆಯ ಪಟ್ಟಿಯನ್ನು ಮೇಲೆ ಹಿಡಿದು ಅದಕ್ಕೂ ಹಾಗೆಯೇ ಎರಡು ಗೆರೆ ಎಳೆದರು. ಗೆರೆಗಳು ಒಳಗಡೆ ಸೇರಿದ ಚುಕ್ಕೆಯಿಂದ ಹೊರಗಡೆ ಸೇರಿದ ಚುಕ್ಕೆಗೆ ನೇರ ಕೂಡಿಸಿದರು. ಅದು ನಲವತ್ತೈದಲ್ಲ. ಎಷ್ಟೆಂದು ಅವರಿಗೂ ಗೊತ್ತಿಲ್ಲ. ವರ್ಷಗಳಲ್ಲಿ ಕುಸಿದ ಆ ಚೌಕಟ್ಟಿಗೆ ಮಾತ್ರ ಗೊತ್ತು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ಉಸಿರು ಕಟ್ಟಿ, ಉಳಿಯಿಂದ ಒಂದೊಂದು ಸಿಪ್ಪೆ ತೆಗೆದರು. ಕದರಮ್ಮ ಕೂಡ ಐದು ನಿಮಿಷ ಸುಮ್ಮನಿದ್ದಳು, ಅದು ಆ ಬೀದಿಯಲ್ಲಿ ದಾಖಲೆ.

ಐದು ಗಂಟೆಗೆ ಎರಡೂ ಮೂಲೆ ಕೂಡಿದವು. ಮಹಾಲಿಂಗಯ್ಯ ಉಗುರು ತೂರಿಸಲು ನೋಡಿದರು, ಹೋಗಲಿಲ್ಲ. ‘ನಾನು ಹೇಳ್ಲಿಲ್ವಾ?’ ಎಂದು ಮನೆಗೆ ಹೋದರು. ಸರ್ವಮಂಗಳಮ್ಮ ಮೂಲೆಯ ಮೇಲೆ ಬೆರಳಾಡಿಸಿ, ಸೆರಗಿನಿಂದ ಮರದ ಪುಡಿ ಒರೆಸಿ, ಮತ್ತೆ ಬೆರಳಾಡಿಸಿದರು.

ಮುಖ್ತಾರ್ ಫೋನ್ ತೆಗೆದುಕೊಳ್ಳಲು ಅಂಗಡಿಗೆ ಬಂದಾಗ ಅದು ಬಡಿದುಕೊಳ್ಳುತ್ತಿತ್ತು. ಅದರ ಸ್ಪೀಕರ್ ಹಾಕದೆ ಮಾತು ಕೇಳುತ್ತಿರಲಿಲ್ಲ.

‘ಎಲ್ ಸತ್ತೋಗಿದೀರ ಸಾಬ್ರೇ?’ ಮಲ್ಲಿಕಾರ್ಜುನ್ ಕೂಗುತ್ತಿದ್ದ. ‘ಬೆಳಿಗ್ಗೆಯಿಂದ ಹೊಸಮನೆಯೋರು ಕಾಯ್ತಾವ್ರೆ. ನಾಳೆ ಗೃಹಪ್ರವೇಶ. ಹಿಂದಿನ ಕ್ರಾಸಲ್ಲಿ, ಬಾಗಿಲಿಗೆ ತೋರಣ ಕಟ್ಟವ್ರಲ್ಲ, ಆ ಮನೆ!’

‘ನೀನು ಕಳ್ಸಿದ ಲೊಕೇಶನ್...’

‘ಅದು ನಾನು ಬೋಂಡ ತಿನ್ನೋವಾಗ ಅಂಗಡಿ ಮುಂದೆ ನಿಂತು ಕಳ್ಸಿದ್ದು. ಕ್ರಾಸ್ ಹತ್ರ ಬಂದು ಫೋನ್ ಮಾಡ್ತೀರ ಅನ್ಕೊಂಡೆ. ನೀವು ಯಾರ ಮನೆಗ್ ಹೊಡೆದ್ರಿ? ಈಗ್ಲೇ ಕಿತ್ಕೊಂಡ್ ಹೋಗಿ ಅಲ್ಲಿ ಹೊಡೀರಿ, ಇನ್ನೂ ಬೆಳಕಿದೆ.’

ಮುಖ್ತಾರರ ಕೊಯ್ತ ಬೆಳಿಗ್ಗೆಯಿಂದಲೂ ಸರಿಯಾಗಿಯೇ ಇತ್ತು. ಆ ಹೊಸ ಮನೆಯ ನೇರ ಗೋಡೆಗೆ ನಲವತ್ತೈದು ಹೂವಿನಂತೆ ಕೂರುತ್ತಿತ್ತು. ಈಗ ಕಿತ್ತು ಒಯ್ದರೆ ಈ ಸೊಟ್ಟ ಬಾಗಿಲಿಗೆ ಕೂತ ಪಟ್ಟಿ ಅಲ್ಲಿ ಬಾಯಿ ಬಿಡುತ್ತದೆ. ಆದರೂ ಸಂದಿಗೆ ಅಂಟು, ಪುಡಿ ತುಂಬಿ ಹೇಗೋ ಒಪ್ಪಿಸಬಹುದಿತ್ತು, ಕೆಲಸ ಉಳಿಯುತ್ತಿತ್ತು. ಅವರು ಎದುರಿನ ಮನೆಯ ಕಡೆ ನೋಡಿದರು. ತೆರೆದ ಮುಂಬಾಗಿಲೊಳಗೆ ಸರ್ವಮಂಗಳಮ್ಮ ಗಂಡನ ಫೋಟೋವನ್ನು ಗೋಡೆಯಿಂದ ಇಳಿಸಿ, ಎದೆಗೆ ಒರಗಿಸಿಕೊಂಡು, ಅದರ ಮುಖವನ್ನು ರೂಮಿನ ಬಾಗಿಲ ಕಡೆಗೆ ತಿರುಗಿಸಿ ನಿಂತಿದ್ದರು.

‘ಆ ಪಟ್ಟಿ ಹಾಳಾಗೋಯ್ತಪ್ಪ,’ ಎಂದರು ಮುಖ್ತಾರ್. ‘ಕೈ ನಡುಗ್ತು. ಎಲ್ಲಾ ಕೆಟ್ಟೋದ್ವು.’

ಮಲ್ಲಿಕಾರ್ಜುನನ ದನಿ ಇಳಿಯಿತು. ‘ನಾನು ಮೊದ್ಲೇ ಹೇಳಿದ್ದೆ. ನಾಳೆಯಿಂದ ಬರ್ಬೇಡಿ ಸಾಬ್ರೇ. ಮನೇಲಿ ರೆಸ್ಟ್ ತಗೊಳ್ಳಿ.’

ಮುಖ್ತಾರ್ ತಿರುಗಿದರೆ ಕದರಮ್ಮ ಜಾಲರಿ ಸೌಟು ಎತ್ತಿ ಹಿಡಿದು ನಿಂತಿದ್ದಳು. ಬಾಣಲೆಯಲ್ಲಿ ಬೋಂಡಗಳು ಕಪ್ಪಾಗುತ್ತಿದ್ದವು. ಅವಳಿಗೆ ಪೂರ್ತಿ ಕೇಳಿಸಿತ್ತು. ಇನ್ನು ಹತ್ತು ನಿಮಿಷದಲ್ಲಿ ಕ್ಯಾತ್ಸಂದ್ರಕ್ಕೆಲ್ಲ ಕೇಳಿಸುತ್ತದೆ ಎಂದು ಮುಖ್ತಾರ್ ಕಣ್ಣು ಮುಚ್ಚಿಕೊಂಡರು.

‘ಯಾರದ್ದು ಕದರಮ್ಮ ಫೋನು? ಏನೋ ಜೋರಾಗ್ ಕೂಗ್ತಿದ್ರು,’ ಎಂದು ಸರ್ವಮಂಗಳಮ್ಮ ಗೇಟಿನಿಂದ ಕೇಳಿದರು.

ಕದರಮ್ಮನ ಬಾಯಿ ತೆರೆಯಿತು. ಮುಚ್ಚಿತು. ಇನ್ನೊಮ್ಮೆ ತೆರೆಯಿತು.

‘ಅವ್ರ ಮನೆಯಿಂದ ಕಣವ್ವ. ಕಿವಿ ಮಂದ, ಅದ್ಕೇ ಕೂಗ್ತಾರೆ. ನೀವ್ ಹೋಗಿ ದೀಪ ಹಚ್ಚಿ.’

ಸರ್ವಮಂಗಳಮ್ಮ ಒಳಗೆ ಹೋದರು. ಕದರಮ್ಮ ಒಲೆ ಆರಿಸಿ, ಸುಟ್ಟ ಬೋಂಡಗಳನ್ನು ಪಕ್ಕಕ್ಕೆ ಸುರಿದಳು. ಹಲಗೆಯ ಕೆಳಗೆ ಬಗ್ಗಿ, ರಾತ್ರಿಗೆಂದು ತಾನು ಮನೆಯಿಂದ ಕಟ್ಟಿಕೊಂಡು ಬಂದಿದ್ದ ಮುದ್ದೆ, ಉಪ್ಸಾರಿನ ಡಬ್ಬಿಯನ್ನು ತೆಗೆದಳು. ಅದರ ಮುಚ್ಚಳವನ್ನು ಒಮ್ಮೆ ಒತ್ತಿ ನೋಡಿ, ಹತಾರದ ಚೀಲ ಹೆಗಲಿಗೇರಿಸುತ್ತಿದ್ದ ಮುಖ್ತಾರರ ಕೈಗೆ ಇಟ್ಟಳು.