ಒಂಟಿಹಲ್ಲಿನ ಕಟರ್

ಇಷ್ಟೆಲ್ಲ ಫಜೀತಿಗೆ ಕಾರಣ ಹೆಬ್ಬೆರಳು ಹಿಡಿಯುವಷ್ಟು ದೊಡ್ಡ ಒಂದು ತೂತು. ಅದರೊಳಗೆ ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ, ಅಂದರೆ ಥ್ರೆಡ್ ಹಾಕಬೇಕಿತ್ತು. ಅದೂ ಎಂಥದ್ದು? ಥ್ರೆಡ್ ಕೊರೆಯುವ ಯಾವ ರೆಡಿಮೇಡ್ ಟ್ಯಾಪಿಗೂ ಹೊಂದದ, ಗಿರಾಕಿಯೇ ಹೇಳಿ ಮಾಡಿಸಿಕೊಳ್ಳುವ ಅಳತೆ. ಯಜಮಾನರು ಬೆಳಿಗ್ಗೆಯೇ ತೂತು ಕೊರೆದ ಎರಡು ಉಕ್ಕಿನ ಗಟ್ಟಿ ತಂದು ಹೊಸ ಆಪರೇಟರ್ ಮುಂದಿಟ್ಟರು.

"ಬೇಕಾಗಿರೋದು ಒಂದೇ. ಇನ್ನೊಂದು ಕೈಯಲ್ಲಿರಲಿ ಅಂತ ಕೊಟ್ಟಿದ್ದೀನಿ. ಕೆಡಿಸಿದೆಯೋ, ನಾಳೆಯಿಂದ ಮತ್ತೆ ಅರ ಹಿಡ್ಕೊಂಡು ಉಜ್ಜು."

ವರ್ಕ್‌ಶಾಪಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಗಾಬರಿ ಅಂತ. ವರ್ಷಗಟ್ಟಲೆ ಅರ ಉಜ್ಜಿ, ಮೊನ್ನೆ ಮೊನ್ನೆ ಕಟರ್ ತಿರುಗಿಸಿ ಉಕ್ಕು ಕೊರೆಯುವ ಮಿಲ್ಲಿಂಗ್ ಮಷಿನ್ನಿಗೆ ಬಡ್ತಿ ಪಡೆದವನು. "ನಮ್ಮೋರು ಈಗ ಆಪರೇಟರು" ಅಂತ ಹೆಂಡತಿ ಓಣಿಗೆಲ್ಲ ಸಾರಿಬಿಟ್ಟಿದ್ದಳು. ಮತ್ತೆ ಅರ ಹಿಡಿದರೆ ಯಾವ ಮುಖ ಹೊತ್ತು ಮನೆಗೆ ಹೋಗೋದು?

"ಸಾಲುಹಲ್ಲಿನ ಕಟರ್ ತಗೋ. ಒಂದು ಸುತ್ತು ಹೊಡೆದ್ರೆ ಕೆಲಸ ಮುಗೀತು," ಅಂದರು ಸ್ಟೋರಿನವರು.

ಪಕ್ಕದ ಲೇತ್ ಮಷಿನ್ನಿನ ಹಿರಿಯ, ಎಲ್ಲರ ಬಾಯಲ್ಲೂ ಲೇತ್ ಮಾವ. ಅವನಿಗೆ ಸುಮ್ಮನಿದ್ದು ಗೊತ್ತೇ ಇಲ್ಲ. "ಇವರಿಗೇನ್ ಗೊತ್ತು ಮಣ್ಣು! ಅದರ ಹಲ್ಲಿನ ಅಂತರ ಫಿಕ್ಸು ಕಣೋ, ನಿನ್ನ ಅಳತೆಗೆ ಎಲ್ಲಿ ಕೂತೀತು? ಒಂಟಿಹಲ್ಲಿಂದು ತಗೋ. ನೀನು ಹೇಳಿದ ಅಂತರಕ್ಕೆ ಕೊರೆಯುತ್ತೆ."

"ಹೌದೌದು, ಸಂಜೆವರೆಗೂ ಕೊರೀತಾ ಇರ್ಲಿ!" ಅಂತ ಸ್ಟೋರಿನವರು ಕೊಂಕು ತೆಗೆದರು.

ಎರಡು ಕೈಯಲ್ಲಿ ಎರಡು ಕಟರ್ ಹಿಡಿದು ಗಾಬರಿ ಇಬ್ಬರ ಬಾಯಿಯನ್ನೂ ನೋಡುತ್ತ ನಿಂತ. ಕೊನೆಗೆ ಒಂಟಿಹಲ್ಲೇ ಗೆದ್ದಿತು. ಅಬ್ಬಾ ಅಂತ ಕಟರ್ ಕೂರಿಸಿ ಬಟನ್ ಒತ್ತಬೇಕು, ಮಾವ ಮತ್ತೆ ಹಾಜರ್.

"ಕಟರನ್ನ ಕೆಳಗಿಂದ ಮೇಲಕ್ಕೆ ಯಾಕೋ ತರ್ತೀಯಾ? ಮೇಲಿಂದ ಕೆಳಕ್ಕೆ ಇಳಿಸು ಮಾರಾಯ!"

ಗಾಬರಿ ಅದೊಂದನ್ನೇ ಬದಲಿಸಿದ. ಅದರ ಜೊತೆಗೆ ಕಟರ್ ತೂತಿನೊಳಗೆ ಸುತ್ತು ಹಾಕುವ ದಿಕ್ಕನ್ನೂ ಬದಲಿಸಬೇಕಿತ್ತು, ಬದಲಿಸಲಿಲ್ಲ.

ಥ್ರೆಡ್ ಫಳಫಳ ಹೊಳೆಯಿತು. ಆದರೆ ಅಳತೆ ಹೊಂದುತ್ತದೋ ನೋಡಲೆಂದು ಮಾವ ಲೇತಿನಲ್ಲಿ ಮಾಡಿಕೊಟ್ಟ ಬೋಲ್ಟ್ ಒಳಗೆ ಹೋಗಲೊಲ್ಲದು. ಎಣ್ಣೆ ಬಿಟ್ಟ, ಉಜ್ಜಿದ, ಬೈದ. ಟಾರ್ಚ್ ಹಾಕಿ ನೋಡಿದರೆ ಬೋಲ್ಟಿನ ಗೆರೆ ಒಂದು ಕಡೆ ವಾಲಿದೆ, ತೂತಿನ ಗೆರೆ ಇನ್ನೊಂದು ಕಡೆ. ಉಲ್ಟಾ ಥ್ರೆಡ್! ಎಡಕ್ಕೆ ತಿರುಗಿಸಿದರಷ್ಟೇ ಬಿಗಿಯಾಗುವಂಥದ್ದು.

ಎಲ್ಲರೂ ಊಟಕ್ಕೆ ಹೋದದ್ದೇ ತಡ, ಆ ಗಟ್ಟಿಯನ್ನು ಗರಗಸದ ಮಷಿನ್ನಿಗೆ ಕೊಟ್ಟು ನಾಲ್ಕು ಚೂರು ಮಾಡಿ ಕಬ್ಬಿಣದ ಸಿಪ್ಪೆಯ ರಾಶಿಯೊಳಗೆ ಹುಗಿದ. ಆಮೇಲೆ ಮಾವನ ಮಾತಿಗೆ ಕಿವಿ ಕೊಡದೆ ಎರಡನೆಯದನ್ನು ಕೆಳಗಿಂದ ಮೇಲಕ್ಕೇ ಕೊರೆದ. ಬೋಲ್ಟ್ ಸಲೀಸಾಗಿ ಹೋಯಿತು. ಬಹಳ ಹೊತ್ತಿನ ಮೇಲೆ ಗಾಬರಿ ನಕ್ಕ.

ಸಂಜೆ ಗಿರಾಕಿ ಬಂದು ನೋಡಿದವನೇ ಹುಬ್ಬು ಗಂಟಿಕ್ಕಿದ. "ಏನ್ರೀ ಇದು? ಉಲ್ಟಾ ಥ್ರೆಡ್ ಬೇಕು ಅಂತ ಫೋನಲ್ಲಿ ಹೇಳಿದ್ನಲ್ಲ! ಇದನ್ನ ಹಾಕಿದ್ರೆ ನಮ್ಮ ಮಷಿನ್ ತಿರುಗ್ತಾ ತಿರುಗ್ತಾ ಬಿಚ್ಚಿಕೊಂಡು ಬೀಳುತ್ತೆ."

ಯಜಮಾನರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಇವನಿಗೆ ಹೇಳೋದನ್ನೇ ಮರೆತೆ!" ಎಂದವರೇ ಎಂದೂ ಇಲ್ಲದ ಅಕ್ಕರೆಯಿಂದ ಗಾಬರಿಯ ಹೆಗಲ ಮೇಲೆ ಕೈ ಇಟ್ಟರು. "ತಪ್ಪು ನಂದು ಕಣೋ. ನಿಂದೇನೂ ಇಲ್ಲ. ಇಂಥದ್ದಕ್ಕೇ ಎರಡು ಕೊಟ್ಟಿದ್ದು. ಹೋಗು, ಆ ಇನ್ನೊಂದು ತಗೊಂಡು ಬಾ."

ಗಾಬರಿ ಸಿಪ್ಪೆಯ ರಾಶಿಯ ಕಡೆ ನೋಡಿದ.

"ಯಾ... ಯಾವ ಚೂರು ತರ್ಲಿ ಸಾರ್?"